ಕೊನೆಯ ಅಧ್ಯಾಯದಲ್ಲಿ ಮಾಯವಾಗುವ ಮೊಡವೆ

ಮಗಳು ಓದಿ ಮುಗಿಸಿದ ಕಾದಂಬರಿಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ, “ಯಾರಿಗಾದ್ರೂ ಕೊಟ್ಬಿಡಮ್ಮಾ” ಎಂದು ನಡುಮನೆಯಲ್ಲಿ ಇಟ್ಟು ಹೋಗಿ ಒಂದು ವಾರವಾಯಿತು. ಚೆನ್ನೈನ ವೆಸ್ಟ್ ಮಾಂಬಲದ ನಮ್ಮ ಫ್ಲ್ಯಾಟಿನ ನಡುಮನೆ ಎಷ್ಟು ದೊಡ್ಡದೆಂದರೆ, ಇಬ್ಬರು ನೆಂಟರು ಬಂದರೆ ನಾನು ಅಡುಗೆಮನೆಯಲ್ಲೇ ನಿಂತು ಮಾತಾಡಬೇಕು. ಅದರ ಮಧ್ಯೆ ಈ ಪೆಟ್ಟಿಗೆ. ದಿನಾ ಎಡವುತ್ತೇನೆ, ದಿನಾ ಬೈಯುತ್ತೇನೆ, ಕೊಡಲು ಮಾತ್ರ ಮನಸ್ಸು ಬರುತ್ತಿಲ್ಲ. ನಿನ್ನೆ ಎಡವಿದಾಗ ಮೇಲಿದ್ದ ಪುಸ್ತಕ ಜಾರಿ ಬಿತ್ತು. ಎತ್ತಿಡಲು ಬಗ್ಗಿದವಳು ಅಲ್ಲೇ ಕೂತೆ. ಒಲೆಯ ಮೇಲೆ ಬೇಳೆ ಇತ್ತು ಎನ್ನುವುದು ವಾಸನೆ ಬಂದ ಮೇಲೆ ನೆನಪಾಯಿತು.

ಇವೆಲ್ಲ ಹದಿಹರೆಯದ ಹುಡುಗಿಯರಿಗೆಂದೇ ಬರೆದ ಇಂಗ್ಲಿಷ್ ಕಾದಂಬರಿಗಳು. ನೀವು ಓದಿರಲಾರಿರಿ, ಓದಿದ್ದರೂ ಒಪ್ಪಿಕೊಳ್ಳಲಾರಿರಿ. ನಾನು ಓದಿದ್ದೇನೆ. ಮಗಳು ಅನ್ವಿತಾಳನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಗಂಟೆಗಟ್ಟಲೆ ಕಾದು ಕೂರುವಾಗ ಬೇರೆ ಗತಿಯಿರಲಿಲ್ಲ. ಓದಿ ಓದಿ ಅವುಗಳ ಒಂದು ಗುಟ್ಟು ನನಗೆ ತಿಳಿದುಹೋಗಿದೆ. ಈ ಪುಸ್ತಕಗಳಲ್ಲಿ ನಾಯಕಿಗೆ ಮೊಡವೆ ಬರುತ್ತದೆ, ಆದರೆ ಒಂದೇ ಒಂದು. ಅದೂ ಪಾರ್ಟಿಯ ದಿನ ಬೆಳಿಗ್ಗೆಯೇ, ಮೂಗಿನ ತುದಿಯಲ್ಲೇ. ನಾಯಕಿ ಕನ್ನಡಿ ನೋಡಿ ಕಿರುಚುತ್ತಾಳೆ. ಗೆಳತಿ ಓಡಿ ಬಂದು ಏನೋ ಹಚ್ಚುತ್ತಾಳೆ. ಸಂಜೆ ಆ ಹುಡುಗ, “ಮೊಡವೆಯಾ? ಎಲ್ಲಿ? ನಾನು ನಿನ್ನ ಕಣ್ಣು ಮಾತ್ರ ನೋಡ್ತಿದ್ದೆ” ಅನ್ನುತ್ತಾನೆ. ಮುಂದಿನ ಅಧ್ಯಾಯದಲ್ಲಿ ಮೊಡವೆ ಇಲ್ಲ. ಎಲ್ಲಿ ಹೋಯಿತು, ಕಲೆ ಉಳಿಯಿತೇ, ಯಾರೂ ಹೇಳುವುದಿಲ್ಲ. ಮುಖದ ತುಂಬ ಮೊಡವೆಯಿರುವ ಹುಡುಗಿಯೂ ಒಬ್ಬಳು ಇರುತ್ತಾಳೆ. ಅವಳು ನಾಯಕಿಯ ಗೆಳತಿ, ಬಹಳ ತಮಾಷೆಯವಳು. ಅವಳ ಕೆಲಸ ಬಾಗಿಲು ತೆರೆದು ಕೊಡುವುದು, ಜೋಕು ಹೇಳುವುದು.

ನಗಬೇಡಿ, ನಾವು ಓದಿದ್ದೇನು ಕಮ್ಮಿಯೇ? ನನ್ನ ಕಾಲದ ವಾರಪತ್ರಿಕೆಯ ಧಾರಾವಾಹಿಗಳಲ್ಲಿ ನಾಯಕಿಗೆ ಆ ಒಂದು ಮೊಡವೆಯ ಭಾಗ್ಯವೂ ಇರಲಿಲ್ಲ. ಗುಲಾಬಿ ಕೆನ್ನೆ, ಹಾಲುಗಲ್ಲ, ಬೆಣ್ಣೆಯಂಥ ಗಲ್ಲ. ಓದಿದರೆ ಹೊಟ್ಟೆ ಹಸಿಯುವ ಹಾಗೆ ವರ್ಣನೆ. ಮುಖದಲ್ಲಿ ಕುಳಿ, ಕಲೆ ಏನಾದರೂ ಇದ್ದರೆ ಅದು ನಾಯಕಿಯ ಮಲತಾಯಿಗೆ, ಇಲ್ಲವೇ ಮನೆಗೆ ಕನ್ನ ಹಾಕಲು ಬಂದವನಿಗೆ. ಮುಖ ನೋಡಿದ ಕೂಡಲೇ ಓದುಗರಿಗೆ ಗೊತ್ತಾಗಬೇಕು, ಇವನನ್ನು ನಂಬಬಾರದು ಅಂತ.

ನನಗೂ ಹದಿನೇಳರಲ್ಲಿ ಮೊಡವೆ ಎದ್ದಿತ್ತು. ಅಜ್ಜಿ ಜಾಯಿಕಾಯಿ ತೇಯ್ದು ಹಚ್ಚಿ, “ಯಾರೋ ನಿನ್ನನ್ನು ಮನಸ್ಸಲ್ಲಿ ಇಟ್ಟುಕೊಂಡಿದ್ದಾರೆ, ಅದಕ್ಕೇ ಬಂದದ್ದು” ಎಂದು ಕಣ್ಣು ಮಿಟುಕಿಸಿದರು. ನಾನು ನಂಬಿಬಿಟ್ಟೆ. ನಂಬಿ, ಬಸ್‌ಸ್ಟ್ಯಾಂಡಿನಲ್ಲಿ ನಿಂತ ಒಬ್ಬೊಬ್ಬ ಹುಡುಗನನ್ನೂ ಅನುಮಾನದಿಂದ ನೋಡಿದೆ. ಕೆನ್ನೆಯ ಮೇಲಿನ ಲೆಕ್ಕ ನೋಡಿದರೆ ನನ್ನನ್ನು ಪ್ರೀತಿಸುವವರಿಂದ ಒಂದು ಬಸ್ಸು ತುಂಬಬೇಕಿತ್ತು. ಒಬ್ಬನೂ ಮಾತಾಡಿಸಲಿಲ್ಲ. ಕಡೆಗೆ ಅಪ್ಪ ನೋಡಿದ ಹುಡುಗನನ್ನೇ ಮದುವೆಯಾಗಿ ಉಡುಪಿಯಿಂದ ಮದ್ರಾಸಿಗೆ ಬಂದೆ. ನನ್ನ ಮೊಡವೆ ಒಂದೆರಡು ವರ್ಷ ಕಾಡಿ ತಾನಾಗಿ ಹೋಗಿತ್ತು.

ಅನ್ವಿಯದು ಹಾಗಿರಲಿಲ್ಲ.

ಅವಳಿಗೆ ಶುರುವಾದದ್ದು ಒಂಬತ್ತನೇ ಕ್ಲಾಸಿನಲ್ಲಿ. ಪ್ಲಸ್ ಒನ್‌ಗೆ, ಅಂದರೆ ಹನ್ನೊಂದನೇ ಕ್ಲಾಸಿಗೆ, ಬರುವಷ್ಟರಲ್ಲಿ ಎರಡೂ ಕೆನ್ನೆ, ದವಡೆ, ಕತ್ತಿನವರೆಗೂ ಗಂಟುಗಂಟಾಗಿ ಎದ್ದಿತ್ತು. ಒಳಗೆ ಕೀವು, ಮೇಲೆ ಕೆಂಪು. ಕೋವಿಡ್ ಹೋಗಿ ಊರೆಲ್ಲ ಮಾಸ್ಕ್ ಬಿಚ್ಚಿ ಎಸೆದ ಮೇಲೂ ಇವಳೊಬ್ಬಳು ಬಿಚ್ಚಲಿಲ್ಲ. ಶಾಲೆಗೆ ಮಾಸ್ಕ್, ಟ್ಯೂಷನ್‌ಗೆ ಮಾಸ್ಕ್, ಮದುವೆಮನೆಗೂ ಮಾಸ್ಕ್. ಕೆಳಗಿನ ಮನೆಯ ಮಾಮಿ ಒಳ್ಳೆಯವರು, ಆದರೆ ಮಾಸ್ಕ್ ಇಲ್ಲದೆ ಲಿಫ್ಟಿನಲ್ಲಿ ಸಿಕ್ಕಿದರೆ ಸಾಕು, “ಎನ್ನಮ್ಮಾ ಇದು, ಮುಗಮೆಲ್ಲಾಂ ಒರೇ ಪರು?” ಎಂದು ಮುಖದ ಹತ್ತಿರಕ್ಕೇ ಬಂದುಬಿಡುವರು. ಮುಖದ ತುಂಬ ಮೊಡವೆ ಎನ್ನುವುದು ಇವಳಿಗೆ ತಿಳಿದಿಲ್ಲವೋ ಎಂಬಂತೆ. ಅವರ ಹಿಂದೆಯೇ ಸಲಹೆಗಳೂ ಬರುತ್ತಿದ್ದವು. ಕಡಲೆಹಿಟ್ಟು, ಬೇವು, ಮೊಸರು ಬಿಡು, ಎಣ್ಣೆ ಬಿಡು, ನೀರು ಕುಡಿ. ನಾನೂ ಅರಿಶಿನ ಹಿಡಿದುಕೊಂಡು ಹಿಂದೆ ಬೀಳುತ್ತಿದ್ದೆ. ಅವಳು ತಮಿಳಿನಲ್ಲಿ, “ಅಮ್ಮಾ, ವಿಟ್ಟುಡು” ಅನ್ನುವಳು. ಬಿಟ್ಟುಬಿಡು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವುದು ಮೊದಲಿನಿಂದಲೂ ನಡೆದುಬಂದದ್ದು. ಆ ವರ್ಷ ಉತ್ತರಗಳೂ ಚಿಕ್ಕವಾದವು. ಕೋಣೆಯ ಬಾಗಿಲು ಮುಚ್ಚಿ ಓದುವಳು. ಓದುವುದು ಈ ಕಾದಂಬರಿಗಳನ್ನೇ.

ಹೀಗಿರುವಾಗ ಹೋದ ವರ್ಷ ದಸರಾ ರಜೆ ಮುಗಿಯುವ ಹೊತ್ತಿಗೆ ಅವಳ ಮುಖ ಇದ್ದಕ್ಕಿದ್ದಂತೆ ತಿಳಿಯಾಗತೊಡಗಿತು. ಮೊದಲು ಕೆಂಪು ಇಳಿಯಿತು. ಆಮೇಲೆ ಗಂಟುಗಳು ಕೂತವು. ದೀಪಾವಳಿಯ ಎಣ್ಣೆಸ್ನಾನ ಮುಗಿಸಿ ಬಂದವಳನ್ನು ನೋಡಿ ಕೆಳಗಿನ ಮಾಮಿ ತಮ್ಮ ಬೇವಿನ ಎಲೆಗೆ, ನಾನು ನನ್ನ ಅರಿಶಿನಕ್ಕೆ ಶ್ರೇಯ ಕೊಟ್ಟುಕೊಂಡೆವು. ಮಾಸ್ಕ್ ಹೋಯಿತು. ಕೂದಲನ್ನು ಹಿಂದಕ್ಕೆ ಎಳೆದು ಕಟ್ಟತೊಡಗಿದಳು. ಶಾಲೆಯ ಪುಸ್ತಕೋತ್ಸವಕ್ಕೆ ಒಬ್ಬ ಕಾದಂಬರಿಕಾರ್ತಿ ಬರುತ್ತಾರೆ, ಇವಳ ಕಪಾಟಿನಲ್ಲಿದ್ದ ಪುಸ್ತಕ ಬರೆದವರೇ. ವೇದಿಕೆಯ ಮೇಲೆ ಕೂತು ಅವರ ಜೊತೆ ಮಾತಾಡಲು ಯಾರು ಸಿದ್ಧ ಎಂದು ಟೀಚರ್ ಕೇಳಿದ್ದಕ್ಕೆ ನಮ್ಮ ಅನ್ವಿ ಕೈ ಎತ್ತಿ ಬಂದಿದ್ದಳು. ಹೇಳುವಾಗ ಅಡುಗೆಮನೆಯ ಬಾಗಿಲಿಗೆ ಒರಗಿ ಕುಣಿಯುತ್ತಲೇ ಹೇಳಿದಳು. ನನಗಂತೂ ಅವಳ ಪುಸ್ತಕಗಳ ಕೊನೆಯ ಅಧ್ಯಾಯ ನಮ್ಮ ಮನೆಯಲ್ಲೇ ನಡೆಯುತ್ತಿದೆ ಅನ್ನಿಸಿತು.

ಆಮೇಲೆ ಒಂದೊಂದೇ ವಿಚಿತ್ರ ಕಾಣತೊಡಗಿತು. ಕುಕ್ಕರಿನ ಹಬೆ ತಾಗಿದರೆ “ಆ” ಎಂದು ಹಿಂದೆ ಸರಿಯುವಳು. ಬಿಸಿಲಲ್ಲಿ ಮಾಂಬಲಂ ಸ್ಟೇಷನ್ನಿನಿಂದ ಮನೆಗೆ ನಡೆದು ಬಂದರೆ ಮುಖ ಟೊಮೆಟೊ ಆಗುವುದು. ಕೆನ್ನೆಯ ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗಾಗಿ, ಕೆಳಗೆ ಸಣ್ಣ ಸಣ್ಣ ನರಗಳು ಎದ್ದು ಕಾಣುತ್ತಿದ್ದವು. ಒಂದು ಬೆಳಿಗ್ಗೆ ಮುಖ ತೊಳೆದು ಬಂದವಳು ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡೇ ನಿಂತಳು.

“ಎಂತ ಆಯ್ತೇ?”

“ಎರಿಯುದು ಮಾ,” ಅಂದಳು. ಉರಿಯುತ್ತಿದೆ.

ಅಂದೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ನಮ್ಮ ಬೀದಿಗೆ ಎರಡು ಬೀದಿ ಆಚೆ ಕೂರುವ ನಡುವಯಸ್ಸಿನ ಹೆಂಗಸು, ಕಡಿಮೆ ಮಾತಿನವರು. ಮುಖಕ್ಕೆ ದೀಪ ಹಿಡಿದು ನೋಡಿ ಒಂದೇ ಪ್ರಶ್ನೆ ಕೇಳಿದರು, “ಏನು ಹಚ್ಚುತ್ತಿದ್ದೀಯ?” ಅನ್ವಿ ನನ್ನ ಕಡೆ ನೋಡಿ, ಬ್ಯಾಗಿನ ಒಳಜೇಬಿನಿಂದ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೆಗೆದಳು. ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಒಳಗೆ ತಳದಲ್ಲಿ ಒಂದಿಷ್ಟು ಬಿಳಿ ಮುಲಾಮು. ಟ್ಯೂಷನ್ನಿನ ಸೀನಿಯರ್ ಹುಡುಗಿಯೊಬ್ಬಳು ಹೇಳಿದ್ದಂತೆ. ಪುರಸೈವಾಕ್ಕಂನ ಒಂದು ಬ್ಯೂಟಿ ಪಾರ್ಲರಿನಲ್ಲಿ ಸಿಗುತ್ತದಂತೆ.

ಡಾಕ್ಟರು ಮೂಸಿ, ಮುಚ್ಚಳ ಹಾಕಿ, “ಇದರಲ್ಲಿ ಸ್ಟೀರಾಯ್ಡ್ ಇರಬೇಕು. ಮೊದಲು ಬೆಳ್ಳಗೆ ಮಾಡುತ್ತೆ, ಆಮೇಲೆ ಸುಡುತ್ತೆ. ಇವತ್ತಿಗೆ ನಿಲ್ಲಿಸು” ಅಂದರು.

“ನಿಲ್ಲಿಸಿದರೆ ಸರಿಹೋಗುತ್ತಾ?” ಕೇಳಿದ್ದು ನಾನು.

“ನಿಲ್ಲಿಸಿದರೆ ಮೊದಲು ಕೆಡುತ್ತೆ. ಹಿಂದೆ ಇದ್ದದ್ದಕ್ಕಿಂತ ಜಾಸ್ತಿ ಬರುತ್ತೆ. ತಿಂಗಳುಗಟ್ಟಲೆ ಬೇಕಾಗಬಹುದು. ನಾನು ಮಾತ್ರೆ ಕೊಡುತ್ತೇನೆ. ಮೇಕಪ್ ಬೇಡ. ಮಾಸ್ಕೂ ಬೇಡ, ಬಟ್ಟೆ ಉಜ್ಜಿದರೆ ಇನ್ನೂ ಕೆಡುತ್ತೆ.”

ಅನ್ವಿ ಕುರ್ಚಿಯ ಅಂಚಿಗೆ ಬಂದು, “ಡಾಕ್ಟರ್, ಒಂದು ಪ್ರೋಗ್ರಾಂ ಇದೆ. ಅದು ಮುಗಿದ ಮೇಲೆ ನಿಲ್ಲಿಸ್ಲಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಇವತ್ತಿಗೆ,” ಅಂದರು ಡಾಕ್ಟರು. ಡಬ್ಬಿಯನ್ನು ತಮ್ಮ ಮೇಜಿನ ಕೆಳಗಿನ ಕಸದ ಬುಟ್ಟಿಗೆ ಹಾಕಿದರು.

ಮುಂದಿನ ವಾರಗಳು ಹೇಗಿದ್ದವೆಂದು ಹೇಗೆ ಹೇಳಲಿ? ಡಾಕ್ಟರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಾಗಲಿಲ್ಲ. ಮುಖ ಊದಿತು. ಹಳೆಯ ಗಂಟುಗಳ ಜಾಗದಲ್ಲಿ ಹೊಸವು, ಅವುಗಳ ಮಧ್ಯೆ ಸಾಸಿವೆ ಚೆಲ್ಲಿದ ಹಾಗೆ ಕೀವಿನ ಗುಳ್ಳೆಗಳು. ಗಾಳಿ ಸೋಕಿದರೂ ಉರಿ. ದಿಂಬಿನ ಮೇಲೆ ಕೆನ್ನೆ ಇಡಲಾಗದೆ ಅಂಗಾತ ಮಲಗುವಳು, ನಿದ್ದೆಯಲ್ಲಿ ಪಕ್ಕಕ್ಕೆ ಹೊರಳಿದರೆ ಮುಲುಗುವಳು. ಕನ್ನಡಿಯ ಮೇಲೆ ದುಪಟ್ಟಾ ಬಿತ್ತು. ಶಾಲೆಗೆ ಹೋಗುವುದೆಂದರೆ ದಿನಾ ಯುದ್ಧ. ಮಾಸ್ಕೂ ಇಲ್ಲ, ಮುಲಾಮೂ ಇಲ್ಲ. ವೇದಿಕೆಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಟೀಚರಿಗೆ ನಾನೇ ಹೇಳಿಬಿಡಲೇ ಎಂದರೆ, “ಹೇಳ್ಬೇಡ!” ಎಂದು ಕೂಗಿದಳು. ಕನ್ನಡದಲ್ಲೇ ಕೂಗಿದಳು. ಹಾಗಾದರೆ ಹೋಗುತ್ತೀಯಾ ಎಂದರೆ ಕೋಣೆಯ ಬಾಗಿಲು ಹಾಕಿಕೊಂಡಳು. ನನ್ನ ಗಂಡ ವಾಸು ಪುರಸೈವಾಕ್ಕಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕ್ಯಾಶ್ ನೋಡಿಕೊಳ್ಳುವವರು. ಬೆಳಿಗ್ಗೆ ಬೇಗ ಹೋಗಿ ಮಧ್ಯಾಹ್ನ ಊಟಕ್ಕೆ ಬರುತ್ತಾರೆ, ಮತ್ತೆ ಸಂಜೆಗೆ ಹೋಗುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ಅವಳ ಮುಖವನ್ನೂ ನೋಡುವರು, ನನ್ನ ಮುಖವನ್ನೂ ನೋಡುವರು, ಅವಳ ತಟ್ಟೆಗೆ ಇನ್ನೊಂದು ಸೌಟು ತುಪ್ಪ ಹಾಕುವರು. ಡಾಕ್ಟರು ತುಪ್ಪ ಬೇಡವೆಂದಿದ್ದಾರೆ ಎಂದು ನಾನು ರೇಗುವೆ.

ಪುಸ್ತಕೋತ್ಸವಕ್ಕೆ ಇನ್ನೇನು ಹತ್ತು ದಿನ ಇದೆ ಎನ್ನುವಾಗ, ಒಂದು ಸಂಜೆ ನಾನು ಕೆಲಸ ಮಾಡುವ ಗಿಂಡಿ ಬಡಾವಣೆಯ ವಿಮಾ ಆಫೀಸಿಗೆ ಟ್ಯೂಷನ್ ಮೇಷ್ಟ್ರ ಫೋನು ಬಂತು. “ಅನ್ವಿತಾ ಇವತ್ತು ಬಂದಿಲ್ಲ. ಹುಷಾರಿಲ್ವಾ?”

ಅವಳು ಶಾಲೆಯಿಂದ ನೇರ ಟ್ಯೂಷನ್ನಿಗೆ ಹೋಗಬೇಕಿತ್ತು. ಅವಳ ಫೋನು ಸ್ವಿಚ್ ಆಫ್. ಮನೆಗೆ ಬಂದಿದ್ದಾಳೆಯೇ ಎಂದು ಕೆಳಗಿನ ಮಾಮಿಗೆ ಫೋನ್ ಮಾಡಿ ಕೇಳಿದರೆ, ಬಾಗಿಲಿಗೆ ಬೀಗ ಇದೆ ಅಂದರು. ಆ ಹೊತ್ತಿನಲ್ಲಿ ತಾಯಿಯಾದವಳ ತಲೆಗೆ ಏನೇನು ಬರುತ್ತದೆಯೋ ಎಲ್ಲವೂ ನನ್ನ ತಲೆಗೆ ಬಂತು. ನಮ್ಮ ಮನೆಯಿಂದ ರೈಲುಹಳಿ ಕಾಣುತ್ತದೆ. ಅಷ್ಟೇ ಹೇಳುತ್ತೇನೆ, ಮಿಕ್ಕದ್ದು ನಿಮಗೆ ಅರ್ಥವಾದೀತು. ಮೇಷ್ಟ್ರಿಗೆ ಮತ್ತೆ ಫೋನ್ ಮಾಡಿ, ಆ ಮುಲಾಮು ಹೇಳಿಕೊಟ್ಟವಳ ನಂಬರು ತೆಗೆದುಕೊಂಡು ಒತ್ತಿದೆ. ಆ ಸೀನಿಯರ್ ಹುಡುಗಿ ಫೋನೆತ್ತಿದಳು. “ಆಂಟಿ, ಅವಳು ನಿನ್ನೆ ಪಾರ್ಲರ್ ಅಕ್ಕನ ನಂಬರ್ ಕೇಳಿದ್ಲು. ನಾನು ಕೊಡ್ಬಾರ್ದಿತ್ತಾ?”

ಪುರಸೈವಾಕ್ಕಂ. ಪಾರ್ಲರಿಗೆ ಹೋಗಿದ್ದಾಳೆ, ಪಾರ್ಲರಿಗೆ ಮಾತ್ರ ಹೋಗಿದ್ದಾಳೆ ಎಂದು ಆತಂಕ ಸ್ವಲ್ಪ ಇಳಿದು, ಮರುಕ್ಷಣವೇ ಆ ಡಬ್ಬಿಯ ನೆನಪಾಗಿ ಮತ್ತೆ ಏರಿತು. ಪಾರ್ಲರು ಎಲ್ಲಿ ಎಂದು ಅವಳಿಂದಲೇ ಕೇಳಿಕೊಂಡು ವಾಸುವಿಗೆ ಫೋನ್ ಮಾಡಿದೆ. “ಹೋಟೆಲಿನ ಸಾಲಿನಲ್ಲೇ, ಪಾತ್ರೆ ಅಂಗಡಿಯ ಮೇಲೆ ಪಾರ್ಲರು. ಬೇಗ ಹೋಗಿ ಮಾರಾಯ್ರೇ.” ಸಂಜೆಯ ಟಿಫಿನ್ನಿನ ರಷ್ಷು, ಆ ಹೊತ್ತಿನಲ್ಲಿ ಅವರು ಕ್ಯಾಶ್ ಬಿಟ್ಟು ಏಳುವವರಲ್ಲ. “ಹೋದೆ,” ಅಂದರು.

ಗಿಂಡಿಯಿಂದ ಲೋಕಲ್ ರೈಲು ಹಿಡಿದು ಎಗ್ಮೋರಿಗೆ, ಅಲ್ಲಿಂದ ಆಟೋ. ಪುರಸೈವಾಕ್ಕಂ ಹೈರೋಡಿನಲ್ಲಿ ಸೀರೆ ಅಂಗಡಿಗಳ ಮುಂದೆ ಜನವೋ ಜನ. ಆಟೋ ಆಮೆಯ ಹಾಗೆ ಹರಿಯಿತು. ಅರ್ಧದಲ್ಲೇ ಇಳಿದು ಓಡಿದೆ.

ಪಾತ್ರೆ ಅಂಗಡಿಯ ಪಕ್ಕದಲ್ಲಿ ಕಿರಿದಾದ ಮೆಟ್ಟಿಲು. ಕೆಳಗಿನ ಮೆಟ್ಟಿಲ ಮೇಲೆ ನನ್ನ ಗಂಡ ಬಿಳಿ ಅಂಗಿಯಲ್ಲಿ ಕೂತಿದ್ದರು. ಅವರಿಗಿಂತ ಮೇಲೆ, ಶಾಲೆಯ ಬ್ಯಾಗು ತಬ್ಬಿಕೊಂಡು ಅನ್ವಿ. ಬ್ಯಾಗಿನ ಪಟ್ಟಿ ಹಿಡಿದ ಮುಷ್ಟಿಯಲ್ಲಿ ಹೊಸ ಡಬ್ಬಿ. ಇವಳು ಇಳಿಯುವಾಗ ಅವರು ಹತ್ತಿದ್ದಾರೆ. ಇಬ್ಬರೂ ಅಲ್ಲೇ ಕೂತಿದ್ದಾರೆ. ಮೇಲಿನ ಬಾಗಿಲಿನಿಂದ ಪಾರ್ಲರಿನ ಹೆಂಗಸು ಇಣುಕಿ, “ಎನ್ನ ಸಾರ್, ಪಡಿಯಿಲೆ ಉಕ್ಕಾಂದಿಟ್ಟೀಂಗ? ಕಸ್ಟಮರ್ ವರುವಾಂಗ, ವಳಿ ವಿಡುಂಗ” ಎಂದು ದಾರಿ ಬಿಡಲು ಹೇಳುತ್ತಿದ್ದಳು. ಇವರು ತಿರುಗಿಯೂ ನೋಡಲಿಲ್ಲ.

ನಾನು ಮೆಟ್ಟಿಲು ಹತ್ತಿ ಡಬ್ಬಿಗೆ ಕೈ ಹಾಕಿದೆ. ಅನ್ವಿ ಕೈಯನ್ನು ಹಿಂದಕ್ಕೆ ಸರಿಸಿದಳು.

“ಕೊಡು ಇಲ್ಲಿ.”

“ಪ್ರೋಗ್ರಾಂ ವರೈಕ್ಕುಂದಾಂ ಮಾ. ಪ್ರೋಗ್ರಾಂ ಮುಗಿಯೋವರ್ಗೆ ಮಾತ್ರ. ಪ್ಲೀಸ್. ಆಮೇಲೆ ನಾನೇ ಬಿಸಾಕ್ತೀನಿ.”

“ಡಾಕ್ಟರು ಎಂತ ಹೇಳಿದ್ರು? ಮುಖ ಸುಟ್ಟುಕೊಳ್ತಿಯಾ?”

“ಈಗ ಏನಿದೆ ಸುಡಕ್ಕೆ?” ಎಂದು ಮುಖವನ್ನು ನನ್ನ ಕಡೆ ಎತ್ತಿದಳು. ಮೆಟ್ಟಿಲ ಟ್ಯೂಬ್‌ಲೈಟಿನಲ್ಲಿ ಆ ಮುಖವನ್ನು ನೋಡಿ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದೆ. “ಎಲ್ಲ ಬುಕ್ಕಲ್ಲೂ ಆ ಹುಡುಗಿ ಕೊನೇಲಿ, ನಾನು ಹೇಗಿದ್ದೀನೋ ಹಾಗೇ ಚೆನ್ನಾಗಿದ್ದೀನಿ ಅಂತಾಳೆ. ಅದಕ್ಕೆ ಮುಂಚಿನ ಪೇಜಲ್ಲೇ ಅವಳ ಮುಖ ಕ್ಲಿಯರ್ ಆಗಿರುತ್ತೆ. ಗೊತ್ತಾ ನಿಂಗೆ? ಚೀಟ್ ಮಾಡ್ತಾರೆ ಮಾ.”

ವಾಸು ತಮ್ಮ ಎಡಗೈಯ ಅಂಗಿಯ ತೋಳನ್ನು ಮಡಚತೊಡಗಿದರು. ಅವರ ಬೆರಳುಗಳ ಮೇಲೆ, ಅಂಗೈ ಹಿಂಬದಿಯಲ್ಲಿ ತೊನ್ನಿನ ಬಿಳಿ ಮಚ್ಚೆಗಳಿವೆ. ಮದುವೆಯಾದ ಮೂರ್ನಾಲ್ಕು ವರ್ಷಕ್ಕೆ ಕಾಣಿಸಿಕೊಂಡವು. ಅನ್ವಿ ಹುಟ್ಟಿದಾಗಿನಿಂದ ನೋಡಿದ್ದು ಆ ಕೈಯನ್ನೇ. ಮಣಿಕಟ್ಟಿನ ಮೇಲೆ ಚರ್ಮ ಸುಕ್ಕಿ ಹೊಳೆಯುವ ಒಂದು ಜಾಗವಿದೆ. ಅದನ್ನು ಮುಂದೆ ಹಿಡಿದರು.

“ಇದು ಎಂತ ಗೊತ್ತುಂಟಾ?”

“ಅಡುಗೆಮನೇಲಿ ಎಣ್ಣೆ ಬಿದ್ದದ್ದು.”

“ಹಾಗಂತ ನಾನು ಹೇಳಿದ್ದು. ನಾನು ಮೊದ್ಲು ಹೋಟೆಲಲ್ಲಿ ಸಪ್ಲೈಯಲ್ಲಿ ಇದ್ದೆ. ನನ್ನಷ್ಟು ಬೇಗ ಇಡ್ಲಿ ತಂದುಕೊಡುವವ ಬೇರೆ ಇರ್ಲಿಲ್ಲ. ಈ ಬಿಳಿ ಕಂಡ ಮೇಲೆ ಒಬ್ರು ಗಿರಾಕಿ ತಟ್ಟೆ ಹಿಂದೆ ತಳ್ಳಿದ್ರು. ಮಾರನೇ ದಿನ ಇನ್ನೊಬ್ರು. ಧಣಿಗಳು ನನ್ನನ್ನು ಕ್ಯಾಶಿಗೆ ಕೂರಿಸಿದ್ರು. ಪ್ರಮೋಷನ್ ಅಂತ ಹೇಳಿದ್ರು. ನಿನ್ನಮ್ಮ ಬೀದಿಗೆಲ್ಲ ಕೇಸರಿಬಾತ್ ಹಂಚಿದ್ಲು.”

ಹೌದು, ಹಂಚಿದ್ದೆ. ನನಗೂ ಅವರು ಪ್ರಮೋಷನ್ ಎಂದೇ ಹೇಳಿದ್ದು. ಇಷ್ಟು ವರ್ಷದ ಮೇಲೆ ಈ ಮೆಟ್ಟಿಲ ಮೇಲೆ ನಿಂತು ನಾನು ಅದನ್ನು ಮೊದಲ ಸಲ ಕೇಳುತ್ತಿದ್ದೆ.

“ಆವಾಗ ಒಬ್ಬ ಒಂದು ಡಬ್ಬಿ ಕೊಟ್ಟ. ಹಚ್ಚಿದ್ರೆ ಬಣ್ಣ ವಾಪಸ್ ಬರ್ತದೆ ಅಂದ. ಹಚ್ಚಿ ಬಿಸಿಲಿಗೆ ಹಿಡಿದೆ. ಬೆಂದುಹೋಯ್ತು.” ಮಣಿಕಟ್ಟನ್ನು ಹೆಬ್ಬೆರಳಿನಿಂದ ಸವರಿ, “ಯಾರಿಗೂ ಹೇಳ್ಲಿಲ್ಲ. ಎಂತ ಹೇಳುದು?” ಅಂದರು.

ಮೇಲಿನಿಂದ ಪಾರ್ಲರಿನವಳು ಮತ್ತೆ ಏನೋ ಅಂದಳು. ಕೆಳಗೆ ಅಂಗಡಿಯವನು ಕೊಳಗ ಬಡಿದು ಗಿರಾಕಿಗೆ ತೋರಿಸುತ್ತಿದ್ದ. ಅನ್ವಿ ಬಗ್ಗಿ ಆ ಸುಕ್ಕಿದ ಜಾಗವನ್ನೇ ನೋಡುತ್ತಿದ್ದಳು.

“ವಲಿಚ್ಚುದಾಪ್ಪಾ?” ಅಂದಳು. ನೋಯಿತಾ ಅಪ್ಪಾ?

ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಗೊತ್ತಿಲ್ಲದ್ದರಿಂದ ನಾನೂ ಕೇಳಿರಲಿಲ್ಲ. “ಹೌದು ಮಗಾ,” ಅಂದರು. “ತುಂಬಾ ನೋಯ್ತು.”

ನಾನು ಮತ್ತೆ ಡಬ್ಬಿಯ ಕಡೆ ಕೈ ಚಾಚಿದಾಗ ಅವರು ಬೇಡವೆಂದು ತಲೆಯಾಡಿಸಿದರು. “ಅವಳ ಹತ್ರ ಇರ್ಲಿ. ಹಚ್ಚುದೋ ಬಿಡುದೋ ಅವಳೇ ನೋಡಿಕೊಳ್ಳಲಿ. ದಿನಾ ಬಚ್ಚಲಿಗೆ ಹಿಂದೆಯೇ ಹೋಗಿ ಕಾಯ್ಲಿಕ್ಕೆ ಆಗ್ತದಾ ನಿಂಗೆ?”

ನನಗೆ ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಹದಿನಾರರ ಹುಡುಗಿಯ ಕೈಯಲ್ಲಿ ವಿಷ ಕೊಟ್ಟು, ನೋಡಿಕೋ ಅನ್ನುವುದೇ? ಮೂವರೂ ಆಟೋ ಹತ್ತಿ ಮನೆಗೆ ಬಂದೆವು. ಡಬ್ಬಿ ಅವಳ ಬ್ಯಾಗಿನೊಳಗೆ ಹೋಯಿತು.

ಆಮೇಲಿನ ದಿನಗಳಲ್ಲಿ ನಾನು ಅವಳ ಬಚ್ಚಲಿನ ಬಾಗಿಲ ಹತ್ತಿರ ಸುಳಿದಾಡಿದಷ್ಟು ಜನ್ಮದಲ್ಲಿ ಯಾವ ಬಾಗಿಲ ಹತ್ತಿರವೂ ಸುಳಿದಾಡಿಲ್ಲ. ಒಗೆಯುವ ಬಟ್ಟೆ ಕೇಳುವ ನೆಪ, ಸೋಪು ಕೊಡುವ ನೆಪ. ಬೆಳಿಗ್ಗೆ ಅವಳು ಕೋಣೆಯಿಂದ ಹೊರಬರುವಾಗ ನನ್ನ ಕಣ್ಣು ನೇರ ಕೆನ್ನೆಗೆ. ಕೆಂಪು ಇಳಿದಿದ್ದರೆ ಹಚ್ಚಿದ್ದಾಳೆ ಎಂದರ್ಥ. ಮಗಳ ಮುಖ ಕೆಂಪಗಿದೆ, ಗುಳ್ಳೆ ಹಾಗೇ ಇದೆ ಎಂದು ಸಮಾಧಾನಪಟ್ಟುಕೊಳ್ಳುವ ತಾಯಿಯನ್ನು ನೀವು ಕಂಡಿದ್ದೀರಾ? ನಾನು ಹಾಗಿದ್ದೆ. ಒಂದು ದಿನ ಬಲಗೆನ್ನೆ ಯಾಕೋ ತುಸು ತಿಳಿಯಾದಂತೆ ಕಂಡು ಆಫೀಸಿನಲ್ಲಿ ಇಡೀ ದಿನ ಕೆಲಸ ಓಡಲಿಲ್ಲ. ಸಂಜೆ ನೋಡಿದರೆ ಎಂದಿನಂತೆ ಉರಿಯುವ ಕೆಂಡ. ಬೆಳಗಿನ ಬೆಳಕು ಆ ಕಡೆ ಕಮ್ಮಿ ಇತ್ತು, ಅಷ್ಟೇ.

ಪುಸ್ತಕೋತ್ಸವದ ಬೆಳಿಗ್ಗೆ ಅವಳು ಯೂನಿಫಾರ್ಮ್ ಹಾಕಿ, ಕೂದಲು ಹಿಂದಕ್ಕೆ ಕಟ್ಟಿ ಹೊರಬಂದಳು. ಮುಖದಲ್ಲಿ ಯಾವುದೂ ಇಳಿದಿರಲಿಲ್ಲ. ದವಡೆಯ ಹತ್ತಿರ ಹೊಸದೊಂದು ಬೇರೆ ಎದ್ದಿತ್ತು.

ಹೆತ್ತವರನ್ನೂ ಕರೆದಿದ್ದರು. ವಾಸು ರಜೆ ಹಾಕಿ ಬಂದಿದ್ದರು. ನಾವಿಬ್ಬರೂ ಸಭಾಂಗಣದ ಮಧ್ಯದ ಸಾಲಿನಲ್ಲಿ ಕೂತೆವು. ವೇದಿಕೆಯ ಮೇಲೆ ಎರಡು ಕುರ್ಚಿ. ಒಂದರಲ್ಲಿ ಆ ಕಾದಂಬರಿಕಾರ್ತಿ, ನಲವತ್ತರ ಆಸುಪಾಸಿನ ಚಂದದ ಹೆಂಗಸು, ಹತ್ತಿ ಸೀರೆ. ಇನ್ನೊಂದರಲ್ಲಿ ಅನ್ವಿ. ಅವಳು ಬೆಳಕಿಗೆ ಬಂದ ಕೂಡಲೇ ಹಿಂದಿನ ಸಾಲುಗಳಲ್ಲಿ ಏನೋ ಪಿಸಪಿಸ, ಒಂದು ಕಿಸಕ್ ನಗು. ನನ್ನ ಉಗುರು ವಾಸುವಿನ ತೋಳಿಗೆ ನಾಟಿತು.

ಮೊದಲ ಪ್ರಶ್ನೆಗಳು ಟೀಚರ್ ಬರೆದುಕೊಟ್ಟವು. ಬರವಣಿಗೆ ಯಾವಾಗ ಶುರುಮಾಡಿದಿರಿ, ಸ್ಫೂರ್ತಿ ಯಾರು. ಅನ್ವಿ ಕಾಗದ ನೋಡಿಕೊಂಡು ಓದಿದಳು. ಆಮೇಲೆ ಅವಳು ಕೈಯಲ್ಲಿದ್ದ ಕಾಗದವನ್ನು ಮಡಿಲಲ್ಲಿ ಮಗುಚಿಟ್ಟಳು. ಮುಂದಿನ ಮಾತೆಲ್ಲ ಇಂಗ್ಲಿಷಿನಲ್ಲೇ ಆದದ್ದು. ನೆನಪಿರುವ ಹಾಗೆ ನಿಮಗೆ ಹೇಳುತ್ತೇನೆ.

“ನಿಮ್ಮ ಪುಸ್ತಕದಲ್ಲಿ ತಾರಾಗೆ ಡ್ಯಾನ್ಸಿನ ದಿನ ಮೊಡವೆ ಬರುತ್ತೆ. ಆಮೇಲೆ ಅದು ಎಲ್ಲಿ ಹೋಯ್ತು?”

ಸಭೆ ಘೊಳ್ಳೆಂದಿತು. ಕಾದಂಬರಿಕಾರ್ತಿಯೂ ನಕ್ಕು, “ಒಳ್ಳೆಯ ಪ್ರಶ್ನೆ! ನಾನು ಹೇಳಬೇಕೆಂದಿದ್ದು, ಹೊರಗಿನ ಚಂದ ಮುಖ್ಯವಲ್ಲ, ಒಳಗಿನ ಆತ್ಮವಿಶ್ವಾಸ...” ಎಂದು ಶುರುಮಾಡಿದರು.

“ಅದು ಗೊತ್ತಾಯ್ತು ಮೇಡಂ,” ಅನ್ವಿ ಮಧ್ಯದಲ್ಲೇ ತಡೆದಳು. ಮುಂದಿನ ಸಾಲಿನಲ್ಲಿ ಟೀಚರ್ ಅರ್ಧ ಎದ್ದು ನಿಂತರು. “ಆದರೆ ಅವಳು ಕನ್ನಡಿ ನೋಡ್ತಾಳೆ, ಅಳ್ತಾಳೆ, ಮೇಕಪ್ ಹಾಕ್ತಾಳೆ. ಎಲ್ಲೂ ಅವಳಿಗೆ ನೋವಾಗಲ್ಲ. ನಾನು ಓದಿದ ಯಾವ ಬುಕ್ಕಲ್ಲೂ ಯಾರಿಗೂ ನೋವಾಗಲ್ಲ. ಇದು ನೋಯುತ್ತೆ. ದಿಂಬಿನ ಮೇಲೆ ಕೆನ್ನೆ ಇಟ್ಟರೆ ನೋಯುತ್ತೆ. ಗಾಳಿ ಬಂದ್ರೆ ಉರಿಯುತ್ತೆ. ಅದು ನಿಮಗೆ ಗೊತ್ತಿತ್ತಾ?”

ಈಗ ಯಾರೂ ನಗಲಿಲ್ಲ. ಟೀಚರ್ ಮೈಕಿನ ಕಡೆ ಹೆಜ್ಜೆಯಿಟ್ಟರು. ಕಾದಂಬರಿಕಾರ್ತಿ ಕೈಯೆತ್ತಿ ಅವರನ್ನು ತಡೆದರು. ಮೊದಲ ಸಲ ಎಂಬಂತೆ ಅನ್ವಿಯ ಮುಖವನ್ನು ನೇರವಾಗಿ ನೋಡಿದರು. ಆ ನೋಟ ಎಷ್ಟು ದೀರ್ಘವಾಗಿತ್ತೆಂದರೆ ನನಗೆ ಎದ್ದು ಹೋಗಿ ಮಗಳನ್ನು ಸೆರಗಿನಲ್ಲಿ ಮುಚ್ಚಿ ಕರೆದುಕೊಂಡು ಬರಬೇಕೆನ್ನಿಸಿತು.

“ಇಲ್ಲ,” ಅಂದರು ಅವರು. “ಗೊತ್ತಿರಲಿಲ್ಲ. ನನಗೆ ಯಾವತ್ತೂ ಬಂದಿರಲಿಲ್ಲ. ಕಥೆಗೆ ಒಂದು ತಮಾಷೆ ಬೇಕಿತ್ತು, ಹಾಕಿದೆ. ಆಮೇಲೆ ಮರೆತುಬಿಟ್ಟೆ.”

ಅಷ್ಟು ನೇರವಾದ ಉತ್ತರವನ್ನು ಅನ್ವಿ ನಿರೀಕ್ಷಿಸಿರಲಿಲ್ಲವೆಂದು ಕಾಣುತ್ತದೆ. “ಥ್ಯಾಂಕ್ಯೂ” ಎಂದು ಟೀಚರ್ ಕೊಟ್ಟ ಕಾಗದವನ್ನು ಮತ್ತೆ ಮೇಲೆ ತಿರುಗಿಸಿಕೊಂಡಳು. ನಿಮ್ಮ ಮುಂದಿನ ಪುಸ್ತಕ ಯಾವುದು ಎಂದು ಕೇಳಿದಳು. ಚಪ್ಪಾಳೆ ಬಿತ್ತು, ಎಲ್ಲ ಕಾರ್ಯಕ್ರಮಗಳಿಗೂ ಬೀಳುವಷ್ಟೇ. ಯಾರೂ ಓಡಿ ಬಂದು ಅವಳನ್ನು ತಬ್ಬಿಕೊಳ್ಳಲಿಲ್ಲ. ಕಾರಿಡಾರಿನಲ್ಲಿ ಟೀಚರ್ ಸಿಕ್ಕಿ, “ಬರೆದುಕೊಟ್ಟದ್ದನ್ನು ಮಾತ್ರ ಕೇಳಬೇಕಿತ್ತಮ್ಮಾ” ಎಂದು ಬೇಸರದಿಂದ ಹೇಳಿದರು.

ಮುಖ ಹತೋಟಿಗೆ ಬರಲು ಈ ಬೇಸಿಗೆಯವರೆಗೂ ಹಿಡಿಯಿತು. ಗಂಟುಗಳು ಈಗಲೂ ಆಗಾಗ ಏಳುತ್ತವೆ. ಕೆನ್ನೆಯ ಮೇಲೆ ಕುಳಿಗಳು ಉಳಿದಿವೆ, ಉಳಿಯುತ್ತವೆ ಎಂದು ಡಾಕ್ಟರೂ ಹೇಳಿದ್ದಾರೆ. ಮಾಮಿ ಲಿಫ್ಟಿನಲ್ಲಿ ಕೇಳುವುದನ್ನು ಬಿಟ್ಟಿಲ್ಲ. ಆ ಎರಡನೇ ಡಬ್ಬಿ ಏನಾಯಿತೆಂದು ನಾನು ಕೇಳಿಲ್ಲ, ಅವಳು ಹೇಳಿಲ್ಲ. ವಾಸುವಿನ ಮೇಲಿನ ಸಿಟ್ಟು ಇಳಿಯಲು ನನಗೆ ಬಹಳ ದಿನ ಬೇಕಾಯಿತು. ಇಳಿದ ಮೇಲೆ ಒಂದು ಸಂಜೆ, ತಟ್ಟೆ ಹಿಂದೆ ತಳ್ಳಿದ ಆ ಗಿರಾಕಿ ಯಾರು, ಈಗಲೂ ಹೋಟೆಲಿಗೆ ಬರುತ್ತಾನಾ ಎಂದು ಕೇಳಿದೆ. “ಬರ್ತಾರೆ. ಒಳ್ಳೆ ಮನುಷ್ಯ” ಅಂದರು. ನನಗೆ ಅರ್ಥವಾಗಲಿಲ್ಲ, ಆದರೂ ಅವರ ಪಕ್ಕದಲ್ಲೇ ಕೂತಿದ್ದೆ.

ಪುಸ್ತಕೋತ್ಸವದ ದಿನ ಶಾಲೆಯ ಗೇಟಿನ ಹತ್ತಿರ ನಡೆದದ್ದನ್ನು ಹೇಳಲು ಮರೆತೆ. ನಾವು ಮೂವರೂ ಹೊರಡುವಾಗ ಆ ಕಾದಂಬರಿಕಾರ್ತಿ ಹಿಂದಿನಿಂದ ಬೇಗಬೇಗ ಬಂದರು. ಅವರ ಕಾರು ಕಾಯುತ್ತಿತ್ತು. “ಒಂದು ನಿಮಿಷ,” ಎಂದು ಅನ್ವಿಯನ್ನು ಬೇವಿನ ಮರದ ನೆರಳಿಗೆ ಕರೆದರು. “ಹೇಗೆ ನೋಯುತ್ತೆ ಅಂತ ಹೇಳ್ತೀಯಾ? ನಿನಗೆ ಹೇಳಲು ಮನಸ್ಸಿದ್ದರೆ.”

ಅನ್ವಿ ನಮ್ಮ ಕಡೆ ತಿರುಗಿ ನೋಡಿದಳು. ಆಮೇಲೆ ತೋರುಬೆರಳನ್ನು ಕೆನ್ನೆಯ ಹತ್ತಿರ ತಂದು, ಮುಟ್ಟದೆ ಒಂದೊಂದನ್ನೇ ತೋರಿಸತೊಡಗಿದಳು. ಇದು ಮುಟ್ಟಿದರೆ ಮಾತ್ರ. ಇದು ಸುಮ್ಮನಿದ್ದರೂ ಮಿಡಿಯುತ್ತೆ. ಇದು ಒಳಗೇ ಇದೆ, ಇನ್ನೂ ಮೇಲೆ ಬಂದಿಲ್ಲ, ಅದಕ್ಕೇ ಜಾಸ್ತಿ. ಆ ಹೆಂಗಸು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಡ್ರೈವರು ಎರಡು ಸಲ ಹಾರ್ನ್ ಹೊಡೆದ. ಅವರು ಕೇಳಿಸಿಕೊಳ್ಳಲಿಲ್ಲ.

“ಮತ್ತೆ ದವಡೆಯ ಹತ್ತಿರ ಇರೋದು?”

“ಇದು ನಗುವಾಗ,” ಅಂದಳು ಅನ್ವಿ. ಅದು ಹೇಗೆಂದು ತೋರಿಸಲು ನಕ್ಕಳು. ನೋವಿಗೆ ಒಂದು ಕಣ್ಣು ಮುಚ್ಚಿಹೋಯಿತು. “ನೋಡಿದ್ರಾ?” ಎಂದು, ಅವರಿಗೆ ಸರಿಯಾಗಿ ಕಾಣಲೆಂದು ಮುಖವನ್ನು ಬೆಳಕಿನ ಕಡೆ ತಿರುಗಿಸಿ, ಇನ್ನೊಂದು ಸಲ ನಕ್ಕಳು.